ಮಾಸ್ತರು ಬ್ಯಾಡ ಅಂದ ಗಾಡಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರನ್ನು ಕೇಳದೆ ಅವರ ಹೆಸರನ್ನು ಬಳಸಿಕೊಂಡವನು ನಾನು. ಇನ್ನೊಮ್ಮೆ ಬಳಸಲು ಕೈ ಬರುವುದಿಲ್ಲ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಹಳೆಯ ಗಾಡಿಗಳನ್ನು ನೋಡಿ ಕೊಳ್ಳಬಹುದೋ ಬಾರದೋ ಹೇಳುವುದು ಅವರ ಕೆಲಸವಾಗಿತ್ತು. ಊರು ಬಬಲೇಶ್ವರ. ಹೋದ ಶ್ರಾವಣದಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಅದೇ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಡಿ ಇದೆ. ಅಂಗಡಿ ಎಂದರೆ ಒಂದು ತಗಡಿನ ಶೆಡ್ಡು, ಅದರ ಮುಂದೆ ಏಳೆಂಟು ಗಾಡಿ ನಿಲ್ಲುವಷ್ಟು ಜಾಗ. ನಾನು ಮಾರುವುದು ಹೆಚ್ಚಾಗಿ ದೊಡ್ಡ ಎಸ್‌ಯುವಿಗಳನ್ನು. ಒಣದ್ರಾಕ್ಷಿಗೆ ಒಳ್ಳೆಯ ಧಾರಣೆ ಬಂದ ವರ್ಷ ತಿಕೋಟಾ, ಹೊನವಾಡದ ಕಡೆಯ ಜನ ಪುಣೆಗೋ ಹುಬ್ಬಳ್ಳಿಗೋ ಹೋಗಿ ಎಂಬತ್ತು ತೊಂಬತ್ತು ಲಕ್ಷದ ಹೊಸ ಗಾಡಿ ತರುತ್ತಾರೆ. ಮೂರು ನಾಲ್ಕು ವರ್ಷಕ್ಕೆ ಅದೇ ಗಾಡಿ ಅರ್ಧ ಬೆಲೆಗೆ ನನ್ನ ಶೆಡ್ಡಿನ ಮುಂದೆ ಬಂದು ನಿಲ್ಲುತ್ತದೆ. ಸಣ್ಣ ಗಾಡಿಯ ಬೆಲೆ ಮೆಟ್ಟಿಲು ಇಳಿದಂತೆ ಇಳಿಯುತ್ತದೆ. ದೊಡ್ಡ ಗಾಡಿಯದು ಹಗ್ಗ ಹರಿದ ಕೊಡ ಬಾವಿಗೆ ಬಿದ್ದಂತೆ. ವಾರಂಟಿ ಮುಗಿದರಂತೂ ಕೇಳುವವರೇ ಇಲ್ಲ. ಒಂದು ಹೆಡ್‌ಲೈಟ್ ಒಡೆದರೆ ಒಂದು ಮೋಟಾರ್ ಸೈಕಲ್ಲಿನ ಬೆಲೆ. ಸಸ್ಪೆನ್ಷನ್ ಕೆಟ್ಟರೆ ಆ ಖರ್ಚಿನಲ್ಲಿ ಎರಡು ಎಮ್ಮೆ ತಂದು ಕಟ್ಟಬಹುದು. ಹಾಗಾಗಿ ಹಳೆಯ ದೊಡ್ಡ ಗಾಡಿ ಕೊಳ್ಳಲು ಬಂದವರಿಗೆ ಆಸೆ ಎಷ್ಟಿರುತ್ತದೋ ಅಂಜಿಕೆಯೂ ಅಷ್ಟೇ ಇರುತ್ತದೆ. ಮಾಸ್ತರು ಬೇಕಾಗುತ್ತಿದ್ದದ್ದು ಅಲ್ಲಿ.

ಬಿಳಿ ಅಂಗಿ, ಬಿಳಿ ಪೈಜಾಮ, ಜೇಬಿನಲ್ಲಿ ಬೆರಳುದ್ದದ ಒಂದು ಟಾರ್ಚು. ಗಾಡಿ ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದರು. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ಹೊಸದಾಗಿ ಅವರನ್ನು ಕಂಡಾಗ ನಾನೂ ನಕ್ಕು ಕೇಳಿದ್ದೆ, “ಯಾಕ್ರಿ ಮಾಸ್ತರ, ಗುಡಿ ಏನ್ರಿ ಇದು?”

“ಮ್ಯಾಟಿನ ತೆಳಗ ಹಸಿ ಇದ್ರ ಬರಿಗಾಲಿಗೆ ಗೊತ್ತಾಗ್ತೈತೋ, ಚಪ್ಪಲಿಗೆ ಗೊತ್ತಾಗ್ತೈತೋ?” ಎಂದಿದ್ದರು.

ಮೊದಲು ಅವರು ತಿಕೋಟಾದ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಹತ್ತಿರ ಡ್ರೈವರ್ ಆಗಿದ್ದರಂತೆ. ಆ ಸಾವಕಾರರಿಗೆ ಗಾಡಿಯ ಹುಚ್ಚು. ಮೂರು ವರ್ಷಕ್ಕೊಂದು ಬದಲಾಯಿಸುವರು. ಪ್ರತಿ ಸಲವೂ ಹಳೆಯದನ್ನು ಮಾರಲು ಹೋಗುತ್ತಿದ್ದವರು ಮಾಸ್ತರು. ಕೊಳ್ಳುವವನು ಎಲ್ಲಿ ಮುಟ್ಟುತ್ತಾನೆ, ಮಾರುವವನು ಎಲ್ಲಿ ಮುಚ್ಚಿಡುತ್ತಾನೆ ಎಂಬುದನ್ನು ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದವರು. ಸಾವಕಾರರು ತೀರಿಕೊಂಡ ಮೇಲೆ ಅದೇ ಅವರ ಹೊಟ್ಟೆಪಾಡಿನ ವಿದ್ಯೆಯಾಯಿತು. ಕೊಳ್ಳುವವರಿಂದ ಮಾತ್ರ ಸಾವಿರ ರೂಪಾಯಿ ತೆಗೆದುಕೊಳ್ಳುವರು, ಮಾರುವವರಿಂದ ಚಹಾ ಕೂಡ ಕುಡಿಯರು. ಮಧ್ಯಾಹ್ನವಾದರೆ ನನ್ನ ಶೆಡ್ಡಿನ ಮೂಲೆಯಲ್ಲಿ ಕೂತು ಬುತ್ತಿ ಬಿಚ್ಚುವರು. ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಅರ್ಧ ರೊಟ್ಟಿ ನನ್ನ ಕೈಗೆ ಇಟ್ಟೇ ತಾವು ತಿನ್ನುವರು.

ಅಷ್ಟು ಗಾಡಿ ನೋಡಿದವರು ತಾವು ಓಡಾಡುತ್ತಿದ್ದದ್ದು ಒಂದು ಹಳೆಯ ಸ್ಕೂಟರಿನಲ್ಲಿ. “ನೀವೂ ಒಂದು ಸಣ್ಣ ಗಾಡಿ ತೊಗೋರಲ್ಲ” ಎಂದರೆ, “ತೊಗೊತೀನಿ, ಅದನ್ನ ನೋಡಾಕ ಯಾರನ್ನ ಕರೀಲಿ?” ಎನ್ನುವರು.

ಗಾಡಿ ನೋಡಿ ಮುಗಿದ ಮೇಲೆ ಅವರು ಹೇಳುತ್ತಿದ್ದದ್ದು ಎರಡರಲ್ಲಿ ಒಂದು ಮಾತು. “ನಡೀತೈತಿ” ಅಥವಾ “ಬ್ಯಾಡ”. ಬರೆದುಕೊಡುತ್ತಿರಲಿಲ್ಲ. ಬರೆಸಿಕೊಳ್ಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಮಾಸ್ತರ ನಡೀತೈತಿ ಅಂದಾರ ಎಂದರೆ ಜನ ಅಲ್ಲೇ ಮುಂಗಡ ಎಣಿಸುತ್ತಿದ್ದರು.

ಒಂದು ಸಲ ಹೊನವಾಡದ ರೈತರೊಬ್ಬರು ಎರಡು ವರ್ಷದ ಗಾಡಿಯನ್ನು ಮಾರಲು ತಂದರು. ಅನುಕೂಲವಂತರು. ಇನ್ನೂ ದೊಡ್ಡದು ಕೊಳ್ಳಬೇಕೆಂದು ಇದನ್ನು ಬಿಡಲು ಬಂದಿದ್ದರು. ನಾನು ಹೇಳಿದ ಬೆಲೆ ಕೇಳಿ ಅವರ ಮುಖ ಕೆಂಪಾಯಿತು. “ಎರಡ ವರ್ಷಕ್ಕ ಮೂವತ್ತ ಲಕ್ಷ ಎಲ್ಲಿಗೆ ಹೋತು? ಒಂದು ಗೆರಿ ಬಿದ್ದಿಲ್ಲ ಗಾಡಿಗೆ! ಕಳ್ಳರದೀರಿ ನೀವೆಲ್ಲ!” ಎಂದು ರಸ್ತೆಗೆ ಕೇಳುವಂತೆ ಕೂಗಿದರು. ನಾನೂ ಏರುದನಿಯಲ್ಲಿ ಏನೋ ಹೇಳಹೊರಟೆ. ಮಾಸ್ತರು ನನ್ನ ತೋಳು ಹಿಡಿದು ಹಿಂದೆ ಸರಿಸಿ ಅವರ ಪಕ್ಕ ಹೋಗಿ ನಿಂತರು.

“ಮಗಳ ಲಗ್ನದಾಗ ಇದ ಗಾಡಿಯೊಳಗ ಬೀಗರನ್ನ ಕರಕೊಂಡು ಬಂದ್ರೇನ್ರಿ?”

“ಹೌದು.”

“ಅವ್ವಾರನ್ನ ಪಂಢರಪುರಕ್ಕ ಕರಕೊಂಡು ಹೋದ್ರಿ?”

“ಎರಡ ಸಲ ಹೋಗೇವಿ. ಯಾಕ?”

“ಮತ್ತ ಅದು ಹೋದ ರೊಕ್ಕ ಅಲ್ರಿ ಗೌಡ್ರ. ಉಂಡ ಊಟ. ಉಂಡ ಊಟಕ್ಕ ರೊಕ್ಕ ಹೊಳ್ಳಿ ಕೇಳ್ತಾರೇನ್ರಿ ಯಾರರ?”

ಗೌಡರು ಸ್ವಲ್ಪ ಹೊತ್ತು ಗಾಡಿಯನ್ನೇ ನೋಡಿ, ಕೊನೆಗೆ ನಕ್ಕುಬಿಟ್ಟರು. ಗಾಡಿ ಮಾರಲಿಲ್ಲ. ವಾಪಸು ಅದರಲ್ಲೇ ಹೊನವಾಡಕ್ಕೆ ಹೋದರು. ನನ್ನ ಕಮಿಷನ್ ಹೋಯಿತು ಎಂದು ನಾನು ಅವತ್ತು ಮಾಸ್ತರರ ಮೇಲೆ ಸಿಟ್ಟಾಗಿದ್ದೆ. ಆ ಸಿಟ್ಟಿನಲ್ಲೇ ನನ್ನ ಗುಣ ಎಂಥದೆಂದು ನನಗೆ ಗೊತ್ತಾಗಬೇಕಿತ್ತು.

ಮೂರು ವರ್ಷದ ಹಿಂದೆ ನಾನು ಪುಣೆ ಕಡೆಯ ದಲ್ಲಾಳಿಯೊಬ್ಬನಿಂದ ಒಂದು ಗಾಡಿ ತಂದೆ. ಹೊರದೇಶದ ಕಂಪನಿಯ ಬಿಳಿ ಎಸ್‌ಯುವಿ, ಒಬ್ಬನೇ ಮಾಲೀಕ, ಓಡಿದ್ದೂ ಕಡಿಮೆ. ಅಂಥದ್ದು ಪೇಟೆಯಲ್ಲಿ ನಲವತ್ತೈದು ಲಕ್ಷಕ್ಕೆ ಕಡಿಮೆ ಇರಲಿಲ್ಲ. ನನಗೆ ಮೂವತ್ತಕ್ಕೆ ಸಿಕ್ಕಿತ್ತು. ಏಕೆ ಅಷ್ಟು ಅಗ್ಗ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂದು ಗೊತ್ತಿತ್ತು.

ತಂದ ಮರುದಿನ ಮಾಸ್ತರು ಬೇರೆ ಯಾವುದೋ ಗಾಡಿ ನೋಡಲು ಬಂದಿದ್ದರು. “ಇದನ್ನೂ ಒಂದಿಷ್ಟು ನೋಡ್ರಿ” ಎಂದೆ. ಚಪ್ಪಲಿ ಬಿಟ್ಟು ಹತ್ತಿದರು. ಮ್ಯಾಟಿನ ಮೇಲೆ ಬರಿಗಾಲು ಊರಿ ಕೂತರು. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ಯಾರೂ ಅಷ್ಟು ಉದ್ದ ಎಳೆಯುವುದಿಲ್ಲ. ಒಳಗೆ ಸುತ್ತಿಕೊಂಡಿರುವ ಆ ತುದಿಯಲ್ಲಿ, ಟಾರ್ಚಿನ ಬೆಳಕಿಗೆ, ಕಂದು ಬಣ್ಣದ ಕೆಸರಿನ ಗೆರೆ ಕಂಡಿತು.

“ಇದು ಹೊಳಿ ನೀರಾಗ ನಿಂತ ಗಾಡಿ” ಎಂದರು. “ವೈರಿಂಗ್ ಒಳಗಿಂದೊಳಗ ಕೊಳ್ಯಾಕತ್ತೈತಿ. ಇವತ್ತ ಚಾಲೂ ಆಗ್ತೈತಿ. ನಾಳೆ ಎಲ್ಲಿ ನಿಲ್ತೈತಿ, ಹೆಂಗ ನಿಲ್ತೈತಿ ಹೇಳಾಕ ಬರೂದಿಲ್ಲ. ಬಿಚ್ಚಿ ಸಾಮಾನು ಮಾರು.”

“ಬಿಚ್ಚಿದ್ರ ಹತ್ತೂ ಬರೂದಿಲ್ಲ ಮಾಸ್ತರ. ಇದ್ದದ್ದೆಲ್ಲ ಇದರಾಗ ಹಾಕೇನಿ.”

“ಬ್ಯಾಡ” ಎಂದು ಚಪ್ಪಲಿ ಮೆಟ್ಟಿಕೊಂಡರು.

ಒಂದು ತಿಂಗಳು ಅದನ್ನು ಶೆಡ್ಡಿನ ಹಿಂದೆ ನಿಲ್ಲಿಸಿದ್ದೆ. ಆಮೇಲೆ ತೊಳೆಸಿದೆ. ಪಾಲಿಶ್ ಮಾಡಿಸಿದೆ. ಸೀಟ್ ಬೆಲ್ಟ್ ಬದಲಾಯಿಸಿದೆ. ಮುಂದೆ ತಂದು ನಿಲ್ಲಿಸಿದೆ.

ಮಾರ್ಚಿನಲ್ಲಿ ತಿಕೋಟಾದಿಂದ ಒಬ್ಬ ಹೆಣ್ಣುಮಗಳು ಬಂದರು. ಊರ ಹೊರಗೆ ಒಣದ್ರಾಕ್ಷಿಯ ಶೆಡ್ಡು ನಡೆಸುವವರು. ಗಂಡನಿಗೆ ಬೆನ್ನುಹುರಿಯ ಆಪರೇಷನ್ ಆಗಿತ್ತು. ಹದಿನೈದು ದಿನಕ್ಕೊಮ್ಮೆ ಮೀರಜಿನ ದವಾಖಾನೆಗೆ ಕರೆದೊಯ್ಯಬೇಕು. ಸಣ್ಣ ಗಾಡಿಯಲ್ಲಿ ಬಗ್ಗಿ ಕೂರಲು ಅವರಿಗೆ ಆಗುತ್ತಿರಲಿಲ್ಲ. “ಎತ್ತರ ಸೀಟಿನ ಗಾಡಿ ಬೇಕ್ರಿ. ಶೋಕಿಗಲ್ಲ” ಎಂದರು. ಬಿಳಿಯ ಗಾಡಿಯ ಬಾಗಿಲು ತೆರೆದು ಸೀಟಿನ ಎತ್ತರವನ್ನು ತಮ್ಮ ಸೊಂಟಕ್ಕೆ ಅಳೆದು ನೋಡಿದರು. ಆಮೇಲೆ ಹೇಳಿದರು, “ಬಬಲೇಶ್ವರದ ಮಾಸ್ತರನ್ನ ಕರಸ್ರಿ. ಅವರು ಒಮ್ಮೆ ನೋಡ್ಲಿ.”

“ಅವರು ನೋಡ್ಯಾರ ಅಕ್ಕಾರ. ಹೋದ ತಿಂಗಳ ನೋಡಿ ಹೋಗ್ಯಾರ.”

ಅಲ್ಲಿಯವರೆಗೆ ಹೇಳಿದ್ದು ಸುಳ್ಳಲ್ಲ.

“ಏನಂದ್ರು?”

“ನಡೀತೈತಿ ಅಂದ್ರು.”

ಅವರು ಮತ್ತೇನೂ ಕೇಳಲಿಲ್ಲ. ಬೆಲೆಗೂ ಹೆಚ್ಚು ಎಳೆದಾಡಲಿಲ್ಲ. ಹೊರಡುವಾಗ ಪರ್ಸಿನಿಂದ ಐನೂರರ ಎರಡು ನೋಟು ತೆಗೆದು, “ಇದು ಮಾಸ್ತರದು. ತೊಗೊಳ್ಳವರ ಕೊಡಬೇಕಲ್ರಿ, ಅವರಿಗೆ ಮುಟ್ಟಸ್ರಿ” ಎಂದು ನನ್ನ ಕೈಗಿಟ್ಟರು. ಇಸಿದುಕೊಂಡೆ. ಆ ನೋಟುಗಳು ಯಾವುದಕ್ಕೆ ಖರ್ಚಾದವೋ ನೆನಪಿಲ್ಲ. ಅದು ನೆನಪಿಲ್ಲ ಎನ್ನುವುದೇ ಈಗ ಹೆಚ್ಚು ಚುಚ್ಚುತ್ತದೆ.

ಗಾಡಿ ಏಳು ವಾರ ನಡೆಯಿತು. ಏಪ್ರಿಲ್ ಕೊನೆಯ ಬಿಸಿಲು. ಅಥಣಿ ದಾಟಿದ ಮೇಲೆ ಎಲ್ಲೋ ಇಂಜಿನ್ ನಿಂತಿತು. ಆಕೆ ಮತ್ತು ಡ್ರೈವರ್ ಕೆಳಗಿಳಿದು ಬಾನೆಟ್ ಎತ್ತಿದ್ದೇ, ಒಳಗೆ ಏನೋ ಸುಟ್ಟು ಬಾಗಿಲುಗಳು ತಾವೇ ಲಾಕ್ ಆದವು. ಕೀಲಿ ಕೆಲಸ ಮಾಡಲಿಲ್ಲ, ಒಳಗಿನ ಹಿಡಿಕೆಯೂ ಏಳಲಿಲ್ಲ, ಗಾಜು ಇಳಿಯಲಿಲ್ಲ. ಬೆನ್ನಿಗೆ ಪಟ್ಟಾ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿದ್ದ ಗಂಡ ಒಳಗೇ ಉಳಿದರು. ಕಬ್ಬಿನ ಗಾಡಿಯವರು ಓಡಿ ಬಂದು ಕಲ್ಲಿನಿಂದ ಗಾಜು ಒಡೆದು ಹೊರಗೆಳೆದಾಗ ಒಳಗಿನ ಕಾವಿಗೆ ಅವರಿಗೆ ಎಚ್ಚರ ತಪ್ಪಿತ್ತು. ಬದುಕಿದರು. ಆದರೆ ಎಳೆಯುವಾಗ ಬೆನ್ನಿಗೆ ಮತ್ತೆ ಪೆಟ್ಟಾಗಿ ಎರಡನೆಯ ಆಪರೇಷನ್ ಆಯಿತು.

ವಾರದ ಮೇಲೆ ಆಕೆ ತಮ್ಮ ಮೈದುನನೊಡನೆ ನನ್ನ ಶೆಡ್ಡಿಗೆ ಬಂದರು. ನಾನು ಹೇಳಿದ್ದು ಇಷ್ಟು: “ನಾ ಏನ್ ಮಾಡ್ಲಿ ಅಕ್ಕಾರ, ಮಾಸ್ತರ ನೋಡಿದ ಗಾಡಿ ಅದು.”

“ನಡೀರಿ ಹಂಗಾದ್ರ, ಅವರ ಮನಿಗೇ ಹೋಗೂಣು” ಎಂದರು.

ಬಬಲೇಶ್ವರದ ಹಾದಿ ಎಷ್ಟು ಚಿಕ್ಕದು ಎಂದು ನನಗೆ ಅವತ್ತು ತಿಳಿಯಿತು. ಮಾಸ್ತರು ಮನೆಯ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಮ್ಮನ್ನು ಕಂಡು ಎದ್ದು, “ಬರ್ರಿ ಬರ್ರಿ” ಎಂದು ಒಳಗೆ ನೀರು ತರಲು ಕೂಗಿದರು. ಆಕೆ ಕೂರಲಿಲ್ಲ. ನಡೆದದ್ದನ್ನೆಲ್ಲ ನಿಂತೇ, ಬಾಯಿಗೆ ಬಂದಂತೆ ಬೈಯುತ್ತ ಹೇಳಿದರು. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಮಾಸ್ತರರ ಹೆಂಡತಿ ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲೇ ನಿಂತರು.

“ಈ ಗಾಡಿ ನಡೀತೈತಿ ಅಂತ ನೀವ ಹೇಳಿದ್ರೇನ್ರಿ?” ಎಂದು ಆಕೆ ಕೇಳಿದರು.

ಮಾಸ್ತರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಎಷ್ಟು ಹೊತ್ತೋ ಹೇಳಲಾರೆ. ಬಾಯಿ ತೆರೆಯಲು ಸಾಕಾಗುವಷ್ಟು ಹೊತ್ತಂತೂ ಇತ್ತು.

“ನನ್ನ ಕಣ್ಣು ಈಗೀಗ ಮಂಜ ಆಗಾಕತ್ತಾವ ತಂಗಿ” ಎಂದರು ಮಾಸ್ತರು. “ಕಾಣಲಿಲ್ಲ. ತಪ್ಪಾತು.” ಆಮೇಲೆ ನನ್ನ ಕಡೆ ತಿರುಗಿ, “ಇವರ ರೊಕ್ಕ ಪೂರಾ ಹೊಳ್ಳಿ ಕೊಡು. ದವಾಖಾನಿ ಖರ್ಚೂ ಕೊಡು” ಎಂದರು.

ಕೊಟ್ಟೆ. ಇದ್ದ ಒಂದು ಪ್ಲಾಟು ಮಾರಿ ಕೊಟ್ಟೆ. ಕೊಟ್ಟೆ ಎಂದು ಬರೆಯುವಾಗ ಏನೋ ದೊಡ್ಡದು ಮಾಡಿದಂತೆ ಕಾಣುತ್ತದೆ. ಆ ಒಂದು ಕೆಲಸವನ್ನೂ ಅವರೇ ಮಾಡಿಸಿದ್ದು.

ಆಕೆ ಹೋದ ಮೇಲೆ ಮಾಸ್ತರು ನನ್ನನ್ನು ಓಣಿಯ ತುದಿಯವರೆಗೆ ಕಳಿಸಲು ಬಂದರು. “ಯಾಕ್ರಿ ಮಾಸ್ತರ ಹಂಗ ಅಂದ್ರಿ?” ಎಂದೆ.

“ನಾ ಸ್ವಲ್ಪ ಹೊತ್ತು ಸುಮ್ನ ನಿಂತೆ. ನೀ ಮಾತಾಡ್ತಿ ಅಂತ ಕಾಯ್ದೆ” ಎಂದರು. “ನೀ ಮಾತಾಡಲಿಲ್ಲ. ನಿನಗ ಅಂಗಡಿ ಐತಿ, ಸಣ್ಣ ಮಕ್ಕಳದಾವ. ಸುಳ್ಳುಗಾರ ಅಂದ್ರ ನಾಳೆಯಿಂದ ಯಾರೂ ಬರೂದಿಲ್ಲ. ನನ್ನ ವಯಸ್ಸಿನವಗ ಕಣ್ಣು ಮಂಜ ಆದ್ರ ಯಾರೂ ಬೈಯೂದಿಲ್ಲ.” ಒಂದೆರಡು ಹೆಜ್ಜೆ ಇಟ್ಟು ನಿಂತರು. “ಆದ್ರ ಇನ್ನ ಮ್ಯಾಲ ನನ್ನ ಕರೀಬ್ಯಾಡ.”

ಬೈದಿದ್ದರೆ ಚೆನ್ನಾಗಿತ್ತು. ನಾನು ಸ್ಕೂಟರ್ ಚಾಲೂ ಮಾಡಿಕೊಂಡು ಬಂದುಬಿಟ್ಟೆ. ನಾಚಿಕೆಗಿಂತ ಮೊದಲು ನನ್ನ ಮನಸ್ಸು ಹಗುರಾಯಿತು. ಅದನ್ನೂ ಇಲ್ಲಿ ಬರೆಯಬೇಕು.

ಮಾತು ಹಬ್ಬಲು ಎಷ್ಟು ದಿನ ಬೇಕು? ಮಾಸ್ತರಗ ಕಣ್ಣು ಕಾಣೂದಿಲ್ಲಂತ ಎಂದು ಸ್ಟೇಷನ್ ರಸ್ತೆಯ ಚಹಾದಂಗಡಿಗಳಲ್ಲೆಲ್ಲ ಆಡಿಕೊಂಡರು. ಅವರನ್ನು ಕರೆಯುವುದು ನಿಂತುಹೋಯಿತು. ಹಳೆಯ ಗಿರಾಕಿಗಳು ನನ್ನನ್ನು ಕೇಳುತ್ತಿದ್ದರು, “ಮಾಸ್ತರ ಬರೂದಿಲ್ಲೇನು?” ನಾನು, “ವಯಸ್ಸಾತ್ರಿ. ಕಣ್ಣು ಮಂಜ ಆಗ್ಯಾವ, ಪಾಪ” ಎನ್ನುತ್ತಿದ್ದೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತ್ತು. ಆಮೇಲಾಮೇಲೆ ಸಲೀಸಾಗಿ ಬಂತು. ಪಾಪ ಎಂಬ ಮಾತನ್ನು ನಾನೇ ಸೇರಿಸಿದ್ದು.

ಒಮ್ಮೆ ವಿಜಯಪುರದ ಕಣ್ಣಿನ ದವಾಖಾನೆಯ ಮುಂದೆ ಅವರನ್ನು ಕಂಡೆ. ಹೆಂಡತಿ ಅವರ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದರು. ಮಾಸ್ತರು ತಲೆ ತಗ್ಗಿಸಿ, ಅವರು ಎಳೆದ ಕಡೆ ಹೆಜ್ಜೆ ಇಡುತ್ತಿದ್ದರು. ನಾನು ಒಂದು ಟೆಂಪೋದ ಮರೆಗೆ ಸರಿದೆ. ಆಗ ನನ್ನ ಮನಸ್ಸಿಗೆ ಬಂದ ಮೊದಲ ವಿಚಾರ ಯಾವುದೆಂದರೆ, ಅಬ್ಬಾ, ಕಣ್ಣು ನಿಜವಾಗಿಯೇ ಹೋಗಿವೆ. ಹಾಗಿದ್ದರೆ ನಾನು ಹೇಳುತ್ತಿರುವುದು ಅಷ್ಟೇನೂ ಸುಳ್ಳಲ್ಲ. ಅವತ್ತು ನಾನು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಮಣ್ಣಿಗೆ ಹೋಗಲು ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ತಿಕೋಟಾಕ್ಕೆ ಹೋದೆ. ಆಕೆ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವವರ ನಡುವೆ ಇದ್ದರು. ಗಂಡ ಕೋಲು ಹಿಡಿದು ಗೋಡೆಗುಂಟ ನಿಧಾನ ನಡೆಯುತ್ತಿದ್ದರು. ಆಕೆಯನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆ. ಬ್ಯಾಡ ಅಂದದ್ದು, ಕೆಸರಿನ ಗೆರೆ, ಸೀಟ್ ಬೆಲ್ಟ್ ಬದಲಿಸಿದ್ದು, ಎರಡು ನೋಟು.

ಆಕೆ ಕೈಗೆ ಅಂಟಿದ ಒಣದ್ರಾಕ್ಷಿ ಕೊಡವಿಕೊಂಡರು. “ಅವತ್ತ ಅವರ ಓಣ್ಯಾಗ ನಿಂತು ಎಂಥೆಂಥಾ ಮಾತ ಅಂದೆ ನಾ ಆ ಮನಶ್ಯಾಗ” ಎಂದರು. “ಈಗ ನನ್ನ ಮುಂದ ಹೇಳಿ ಏನ್ ಮಾಡ್ತಿ? ನಿನ್ನ ಮೈ ಹಗುರ ಆಗ್ತೈತಿ, ಅಷ್ಟ. ಬಬಲೇಶ್ವರಕ್ಕ ಹೋಗು. ಅವರ ಹೇಂತಿ ಮುಂದ ಹೇಳು.”

ಅಲ್ಲಿಂದ ನೇರ ಹೋದೆ. ಮಾಸ್ತರರ ಹೆಂಡತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. “ಬಾ ತಮ್ಮಾ, ಕುಂಡ್ರು. ನಿನ್ನ ಶೆಡ್ಡಿನ ಮಾತು ಭಾಳ ಆಡ್ತಿದ್ರು” ಎಂದರು. ನಾನು ಕೂರದೆ, ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಬೈಯುತ್ತಾರೆ, ಕೂಗಿ ಜನ ಕೂಡಿಸುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ತಯಾರಾಗಿಯೇ ಬಂದಿದ್ದೆ.

ಅವರು ಕೇಳಿದ್ದು ಒಂದೇ. “ಹಂಗಾದ್ರ ಅವರ ಕಣ್ಣಿಗೆ ಏನೂ ಆಗಿರಲಿಲ್ಲೇನು?”

“ಏನೂ ಆಗಿರಲಿಲ್ರಿ ಅವ್ವಾರ.”

“ದವಾಖಾನ್ಯಾಗೂ ಹಂಗ ಅಂದ್ರು” ಎಂದರು. ನನಗೆ ಹೇಳುತ್ತಿರಲಿಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು. “ಇಲ್ಲಿ ಡಾಕ್ಟರಿಗೆ ತಿಳೀಲಿಲ್ಲ ಅಂತ ನಾನ ಸೊಲ್ಲಾಪುರಕ್ಕ ಕರಕೊಂಡು ಹೋದೆ. ಅಲ್ಲೂ ಚಲೋ ಅದಾವ ಅಂದ್ರು. ನಾ ನಂಬಲಿಲ್ಲ. ಓಣಿ ಮಂದಿ ಮುಂದ ತಾವ ಹೇಳಿದ ಮ್ಯಾಲ ಸುಳ್ಳ ಹೆಂಗ ಇದ್ದೀತು ಅಂದೆ. ಸ್ಕೂಟರ್ ಮಾರಿಸಿದೆ. ಎಲ್ಲೆರ ಬಿದ್ದಗಿದ್ದಾರು ಅಂತ ಅವರೊಬ್ಬರನ್ನ ಹೊರಗ ಬಿಡಲಿಲ್ಲ. ಏನೂ ಅನಲಿಲ್ಲ. ಕೈ ಹಿಡಿ ಅಂದ್ರ ಹಿಡೀತಿದ್ರು.”

ನಾನು ನಿಂತೇ ಇದ್ದೆ.

“ಪೇಪರ್ ನಾನ ಓದಿ ಹೇಳ್ತಿದ್ದೆ. ನಾ ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದ್ತಿದ್ದೆ. ಮಗ್ಗಲದಾಗ ಕುಂತು ಕೇಳ್ತಿದ್ರು. ತಪ್ಪ ಓದಿದ್ರ ನಗ್ತಿದ್ರು. ಯಾಕ ನಗ್ತೀರಿ ಅಂದ್ರ ಏನಿಲ್ಲ, ಮುಂದ ಓದು ಅಂತಿದ್ರು.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

“ಅವರಿಗೆ ಕಾಣಿಸ್ತಿತ್ತು, ಹಂಗಾದ್ರ.”